ನಿವೃತ್ತಿಯಾದ ಮೇಲೆ ಹಕ್ಕಿಗಳ ಫೋಟೊ ತೆಗೆಯಬೇಕು, ಯಾವ ಕ್ಯಾಮೆರಾ ಕೊಳ್ಳಲಿ?

ಪ್ರಶ್ನೆ: ಹೋದ ತಿಂಗಳು ಕೆಲಸದಿಂದ ನಿವೃತ್ತಿಯಾದೆ. ಹಕ್ಕಿಗಳೆಂದರೆ ಚಿಕ್ಕಂದಿನಿಂದ ಇಷ್ಟ, ಆದರೆ ಪುರುಸೊತ್ತೇ ಸಿಕ್ಕಿರಲಿಲ್ಲ. ಈಗ ಅವುಗಳ ಫೋಟೊ ತೆಗೆಯೋಣ ಅಂತಿದ್ದೇನೆ. ಫೋನಿನಲ್ಲಿ ಬಿಟ್ಟು ಬೇರೆ ಕ್ಯಾಮೆರಾ ಹಿಡಿದವನಲ್ಲ. ಸ್ವಲ್ಪ ಮಂಡಿನೋವಿದೆ, ಕನ್ನಡಕವಿದೆ. ಯಾವ ಕ್ಯಾಮೆರಾ, ಯಾವ ಲೆನ್ಸ್ ತೆಗೆದುಕೊಳ್ಳಲಿ? ಈ ವಯಸ್ಸಿಗೆ ಇದೆಲ್ಲ ಆಗುತ್ತಾ?

ಉತ್ತರ: ಆಗುತ್ತದೆ, ಅನುಮಾನವೇ ಬೇಡ. ಕ್ಯಾಮೆರಾ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲ ಎರಡು ತಿಂಗಳು ಕ್ಯಾಮೆರಾ ಕೊಳ್ಳಲೇ ಬೇಡಿ. ಒಂದು ದುರ್ಬೀನು ಕೊಳ್ಳಿ.

ಹಕ್ಕಿ ಎಲ್ಲಿ ಬಂದು ಕೂರುತ್ತದೆ, ಯಾವ ಗಳಿಗೆಯಲ್ಲಿ ಹಾರುತ್ತದೆ ಅಂತ ಮುಂಚೆಯೇ ಗೊತ್ತಿದ್ದವರಿಗೆ ಫೋಟೊ ಸಿಗುತ್ತದೆ. ಗೊತ್ತಿಲ್ಲದವರಿಗೆ ಬಾಲ ಸಿಗುತ್ತದೆ. ಶುರುವಿನಲ್ಲೇ ಕ್ಯಾಮೆರಾ ಕೈಗೆ ಬಂದರೆ ಗಮನವೆಲ್ಲ ಗುಂಡಿಗಳ ಮೇಲೆಯೇ ಹೋಗುತ್ತದೆ, ಹಕ್ಕಿಯನ್ನು ನೋಡುವುದೇ ತಪ್ಪಿಹೋಗುತ್ತದೆ. ದುರ್ಬೀನಿನ ಮೇಲೆ 8×42 ಅಂತ ಬರೆದಿರುವುದನ್ನು ಹುಡುಕಿ. 8 ಅಂದರೆ ಎಂಟು ಪಟ್ಟು ಹತ್ತಿರ ಕಾಣುತ್ತದೆ, 42 ಅಂದರೆ ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. ಹತ್ತು ಪಟ್ಟಿನದು ಇನ್ನೂ ಒಳ್ಳೆಯದು ಅಂತ ಯಾರಾದರೂ ಹೇಳಬಹುದು. ಆದರೆ ಹಕ್ಕಿ ದೊಡ್ಡದಾಗಿ ಕಂಡಷ್ಟೂ ಕೈಯ ನಡುಕವೂ ದೊಡ್ಡದಾಗಿ ಕಾಣುತ್ತದೆ, ಅಲ್ವಾ? ನಮ್ಮ ವಯಸ್ಸಿಗೆ ಎಂಟೇ ಸರಿ. ಕನ್ನಡಕ ಹಾಕಿಕೊಂಡೇ ಒಮ್ಮೆ ಕಣ್ಣಿಗಿಟ್ಟು ನೋಡಿ. ಪೂರ್ತಿ ವೃತ್ತ ಕಂಡರೆ ತೆಗೆದುಕೊಳ್ಳಿ. ಅಂಚು ಕತ್ತಲಾಗಿ ಕಂಡರೆ ಅದು ನಿಮಗೆ ಹೊಂದುವುದಿಲ್ಲ.

ಇನ್ನು ಜಾಗ. ನಡೆದು ಹೋಗುವಷ್ಟು ದೂರದಲ್ಲಿರುವ ಒಂದೇ ಒಂದು ಜಾಗ ಆರಿಸಿಕೊಳ್ಳಿ. ಕೆರೆಯ ದಂಡೆ, ಪಾರ್ಕಿನ ಮೂಲೆ, ಯಾವುದಾದರೂ ಸರಿ. ದಿನಾ ಅಲ್ಲಿಗೇ ಹೋಗಿ. ಕೆಲಸಕ್ಕೆ ಹೋಗುವವರಿಗೆ ವಾರಕ್ಕೆ ಒಂದು ಬೆಳಗ್ಗೆ ಸಿಗುತ್ತದೆ, ನಿಮಗೆ ಏಳೂ ಸಿಗುತ್ತವೆ. ಈ ಹವ್ಯಾಸದಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ.

ನನ್ನ ಮೊದಲ ವರ್ಷದ ಒಂದು ಸಂಗತಿ ಹೇಳುತ್ತೇನೆ. ನೀರಿನ ಮೇಲೆ ಬಾಗಿದ ಒಂದು ಒಣ ಕೊಂಬೆಗೆ ದಿನಾ ಒಂದು ಮಿಂಚುಳ್ಳಿ ಬರುತ್ತಿತ್ತು. ಮೊದಲ ವಾರ ಅದು ಕೂತಿತು, ಹಾರಿತು, ಅಷ್ಟೇ ಗೊತ್ತಾಯಿತು. ಎರಡನೇ ವಾರ ಗಮನಿಸಿದೆ: ನೀರಿಗೆ ಬೀಳುವ ಮುಂಚೆ ತಲೆಯನ್ನು ಎರಡು ಮೂರು ಸಲ ಮೇಲೆ ಕೆಳಗೆ ಆಡಿಸುತ್ತದೆ. ಮೀನು ಎಷ್ಟು ಆಳದಲ್ಲಿದೆ ಅಂತ ಅಂದಾಜು ಮಾಡುವ ಪರಿ ಅದು. ಆಮೇಲೆ ಮೈಯನ್ನು ಬಿಗಿಯಾಗಿ ಸಣ್ಣ ಮಾಡಿಕೊಳ್ಳುತ್ತದೆ, ಮರುಕ್ಷಣ ಧುಮುಕುತ್ತದೆ. ಮೀನು ಹಿಡಿದು ಅದೇ ಕೊಂಬೆಗೆ ಬಂದು ಪಟಪಟ ಬಡಿಯುತ್ತದೆ. ತಾನೇ ತಿನ್ನುವುದಾದರೆ ಮೀನಿನ ತಲೆ ತನ್ನ ಗಂಟಲಿನ ಕಡೆ ಬರುವಂತೆ ತಿರುಗಿಸಿ ನುಂಗುತ್ತದೆ. ಮೂರನೇ ವಾರ ಒಂದು ದಿನ ಮೀನಿನ ತಲೆಯನ್ನು ಹೊರಗಡೆ ಮಾಡಿ ಹಿಡಿದುಕೊಂಡು ಹಾರಿಹೋಯಿತು. ಅಂದರೆ ಆ ಮೀನು ಬೇರೆಯವರಿಗೆ, ಜೋಡಿಗೆ ಇಲ್ಲವೇ ಮರಿಗಳಿಗೆ. ಆ ದಿನ ನಾನು ಒಂದೂ ಫೋಟೊ ತೆಗೆಯಲಿಲ್ಲ. ಆದರೂ ಮನೆಗೆ ಬಂದು ಆ ಮೀನಿನ ತಲೆಯ ವಿಷಯವನ್ನು ಸಿಕ್ಕವರಿಗೆಲ್ಲ ಹೇಳಿದೆ.

ಇಷ್ಟು ಗೊತ್ತಾದ ಮೇಲೆ ಫೋಟೊ ಸುಲಭವಾಯಿತು. ತಲೆ ಆಡಿಸಿದರೆ ಬೆರಳು ಗುಂಡಿಯ ಮೇಲೆ, ಮೈ ಬಿಗಿ ಮಾಡಿದರೆ ಒತ್ತು. ಬೇರೆ ಹಕ್ಕಿಗಳಿಗೂ ಇಂಥ ಸುಳಿವುಗಳಿವೆ. ಹಾರುವ ಮುಂಚೆ ಹಲವು ಹಕ್ಕಿಗಳು ಪಿಕ್ಕೆ ಹಾಕುತ್ತವೆ, ಸ್ವಲ್ಪ ಮುಂದಕ್ಕೆ ಬಾಗುತ್ತವೆ. ಏರುವುದೂ ಇಳಿಯುವುದೂ ಸಾಮಾನ್ಯವಾಗಿ ಗಾಳಿಗೆ ಎದುರಾಗಿಯೇ. ಹಾಗಾಗಿ ಗಾಳಿ ನಿಮ್ಮ ಬೆನ್ನಿಗೆ ಬೀಸುತ್ತಿದ್ದರೆ ಹಕ್ಕಿ ನಿಮ್ಮ ಕಡೆ ಮುಖ ಮಾಡಿ ಇಳಿಯುತ್ತದೆ. ಸೂರ್ಯನೂ ಬೆನ್ನಿಗಿದ್ದರೆ ಆ ಜಾಗ ಬಿಟ್ಟು ಏಳಬೇಡಿ.

ಈಗ ಕ್ಯಾಮೆರಾ. ಹಕ್ಕಿಗೆ ಉದ್ದನೆಯ ಲೆನ್ಸ್ ಬೇಕು. ಲೆನ್ಸಿನ ಮೇಲಿನ ಮಿಲಿಮೀಟರ್ ಅಂಕಿ ದೊಡ್ಡದಾದಷ್ಟೂ ಹಕ್ಕಿ ಹತ್ತಿರ ಕಾಣುತ್ತದೆ, ಅದು ಕಡಿಮೆಯೆಂದರೂ 400 ಇರಬೇಕು. ಆದರೆ ನೀವು ಮೊದಲು ನೋಡಬೇಕಾದ ಅಂಕಿ ತೂಕದ್ದು. ಕ್ಯಾನನ್ ಆರ್‌ಎಫ್ 100-400 ಲೆನ್ಸ್ ತೂಗುವುದು 635 ಗ್ರಾಂ. ಸೋನಿ 200-600 ತೂಗುವುದು 2,115 ಗ್ರಾಂ. ಎರಡೂ ಒಳ್ಳೆಯ ಲೆನ್ಸ್‌ಗಳೇ, ಆದರೆ ಎರಡರ ನಡುವೆ ಒಂದೂವರೆ ಕಿಲೋ ಅಂತರವಿದೆ, ಅದರ ಮೇಲೆ ಕ್ಯಾಮೆರಾದ ತೂಕ ಬೇರೆ. ಮೂರು ಗಂಟೆ ಹೆಗಲಿಗೆ ಹಾಕಿಕೊಂಡು ಓಡಾಡುವವರು ನೀವು. ತೂಕ ಜಾಸ್ತಿಯಾದರೆ ಎರಡನೇ ತಿಂಗಳಿಗೇ ಅದು ಬೀರು ಸೇರುತ್ತದೆ. ನನಗೂ ಹಾಗೇ ಆಗಿತ್ತು. ಇದ್ದವುಗಳಲ್ಲೇ ದೊಡ್ಡದು ಬೇಕು ಅಂತ ತಂದೆ, ಹೆಗಲು ಹಿಡಿದುಕೊಂಡು ಆರು ವಾರ ಮನೆಯಲ್ಲೇ ಕೂತೆ. ಆ ಆರು ವಾರದಲ್ಲಿ ವಲಸೆ ಬಂದ ಹಕ್ಕಿಗಳು ಬಂದು ಹೋಗಿಯೂ ಆಗಿತ್ತು. ಆ ಬೇಜಾರು ಇನ್ನೂ ಇದೆ.

ಲೆನ್ಸ್ ಬದಲಾಯಿಸುವ ರಗಳೆಯೇ ಬೇಡ ಅನ್ನುವವರಿಗೆ ಲೆನ್ಸ್ ಸೇರಿಕೊಂಡೇ ಬರುವ ಸೂಪರ್‌ಜೂಮ್ ಕ್ಯಾಮೆರಾಗಳಿವೆ. ನಿಕಾನ್ ಪಿ950 ಅಂಥದ್ದು. ಸುಮಾರು ಒಂದು ಕಿಲೋ ತೂಕ, 2,000 ಮಿಲಿಮೀಟರ್‌ಗೆ ಸಮನಾದ ಜೂಮ್. ಒಳಗೆ ಬೆಳಕನ್ನು ಹಿಡಿಯುವ ಸೆನ್ಸರ್ ಚಿಕ್ಕದು, ಹಾಗಾಗಿ ಮಬ್ಬು ಬೆಳಕಿನಲ್ಲಿ ಚಿತ್ರ ತರಿತರಿಯಾಗುತ್ತದೆ, ಹಾರುವ ಹಕ್ಕಿಯನ್ನು ಹಿಡಿಯುವುದೂ ಕಷ್ಟ. ಕೂತ ಹಕ್ಕಿಗೆ, ಒಳ್ಳೆಯ ಬೆಳಕಿಗೆ ಚೆನ್ನಾಗಿದೆ. ನನ್ನನ್ನು ಕೇಳಿದರೆ ನಿಮಗೆ ಒಳಗೆ ಕನ್ನಡಿಯಿಲ್ಲದ, ಹಗುರವಾದ ಮಿರರ್‌ಲೆಸ್ ಕ್ಯಾಮೆರಾ, ಜೊತೆಗೆ 100-400ರಂಥ ಹಗುರ ಲೆನ್ಸ್ ಸರಿ. 2020ರಿಂದ ಈಚೆಗೆ ಬಂದ ಎಷ್ಟೋ ಮಿರರ್‌ಲೆಸ್ ಕ್ಯಾಮೆರಾಗಳು ಹಕ್ಕಿಯ ಕಣ್ಣನ್ನು ತಾವೇ ಹುಡುಕಿ ಫೋಕಸ್ ಮಾಡುತ್ತವೆ. ದೃಷ್ಟಿ ಮಂದವಾಗುತ್ತಿರುವ ನಮ್ಮಂಥವರಿಗೆ ಇದು ದೊಡ್ಡ ಉಪಕಾರ. ಕೊಳ್ಳುವ ಮುಂಚೆ ಈ ಸೌಲಭ್ಯ ಇದೆಯಾ ಅಂತ ಕೇಳಿ.

ಇನ್ನೊಂದು ಸಣ್ಣ ವಿಷಯ, ಯಾರೂ ಹೇಳುವುದಿಲ್ಲ. ಕಣ್ಣಿಟ್ಟು ನೋಡುವ ಕಿಂಡಿಯ ಪಕ್ಕದಲ್ಲಿ ಪುಟ್ಟ ತಿರುಗಣೆ ಇರುತ್ತದೆ, ಅದರ ಹೆಸರು ಡಯಾಪ್ಟರ್. ಕಿಂಡಿಯೊಳಗಿನ ಅಕ್ಷರಗಳು ಸ್ಪಷ್ಟವಾಗುವವರೆಗೆ ಅದನ್ನು ತಿರುಗಿಸಿ. ಫೋಕಸ್ ಆಗ್ತಾನೇ ಇಲ್ಲ ಅಂತ ಸುಮ್ನೆ ಲೆನ್ಸ್ ಬೈದುಕೊಂಡು ಓಡಾಡುವವರಲ್ಲಿ ಎಷ್ಟೋ ಜನ ಈ ತಿರುಗಣೆಯನ್ನೇ ಮುಟ್ಟಿರುವುದಿಲ್ಲ.

ಸೆಟ್ಟಿಂಗ್ ಬಗ್ಗೆ ಎರಡೇ ವಿಷಯ ಸಾಕು. ಒಂದು ಶಟರ್ ಸ್ಪೀಡ್, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡುತ್ತದೆ ಅನ್ನುವುದು. ಕೂತ ಹಕ್ಕಿಗೆ ಸೆಕೆಂಡಿನ 500ನೇ ಒಂದು ಭಾಗ, ಹಾರುವ ಹಕ್ಕಿಗೆ 2,000ನೇ ಒಂದು ಭಾಗ. ಬೆಳಕು ಸಾಲದಿದ್ದರೆ ಬೆಳಕಿನ ಸೂಕ್ಷ್ಮತೆ ತೋರಿಸುವ ಅಂಕಿ, ಅಂದರೆ ಐಎಸ್‌ಒ ಏರಲಿ, ಹೆದರಬೇಡಿ. ಅದು ಏರಿ ತರಿಯಾದ ಚಿತ್ರವನ್ನು ಸರಿ ಮಾಡಬಹುದು, ಅಲುಗಾಡಿದ ಚಿತ್ರವನ್ನು ಆಗುವುದಿಲ್ಲ. ಇನ್ನೊಂದು, ಚಿತ್ರವನ್ನು ಬೆಳಗಿಸುವ ಇಲ್ಲವೇ ಕಪ್ಪಾಗಿಸುವ, ಪ್ಲಸ್ ಮೈನಸ್ ಗುರುತಿನ ಎಕ್ಸ್‌ಪೋಶರ್ ಕಾಂಪನ್ಸೇಶನ್. ಕ್ಯಾಮೆರಾ ಎಲ್ಲವನ್ನೂ ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ನಿಂತಿದ್ದರೆ ನೀರನ್ನು ಬೆಳ್ಳಗೆ ಮಾಡಲು ಹೋಗಿ ಹಕ್ಕಿಯ ಗರಿಗಳನ್ನೆಲ್ಲ ಸುಣ್ಣ ಬಳಿದಂತೆ ಮಾಡಿಬಿಡುತ್ತದೆ. ಅಲ್ಲಿ ಮೈನಸ್ ಒಂದು ಹಾಕಿ. ಬಿಳಿ ಆಕಾಶದ ಮುಂದೆ ಕಾಗೆ ಇದ್ದರೆ ಪ್ಲಸ್ ಒಂದು. ಉಳಿದದ್ದನ್ನು ಕ್ಯಾಮೆರಾಗೇ ಬಿಡಿ.

ಬೆಳಗ್ಗೆ ಬೇಗ ಹೋಗಿ, ಬಿಸಿಲೇರಿದ ಮೇಲೆ ಮನೆಗೆ ಬನ್ನಿ. ಕಾದ ನೆಲದಿಂದ ಏಳುವ ಬಿಸಿಗಾಳಿ ದೂರದ ಹಕ್ಕಿಯನ್ನು ನೀರಿನೊಳಗಿನ ನಾಣ್ಯದಂತೆ ಕುಣಿಸುತ್ತದೆ. ಎಂಥ ಲೆನ್ಸ್ ಇದ್ದರೂ ಆಗ ಚಿತ್ರ ಮಸುಕೇ.

ನಿಮ್ಮ ಮಂಡಿನೋವಿಗೆ ಬರೋಣ. ಈ ಕೆಲಸದಲ್ಲಿ ಕೂರುವವರೇ ಗೆಲ್ಲುತ್ತಾರೆ. ಮಡಚುವ ಸಣ್ಣ ಸ್ಟೂಲ್, ಕ್ಯಾಮೆರಾ ನಿಲ್ಲಿಸಲು ಒಂದೇ ಕಾಲಿನ ಮೊನೊಪಾಡ್, ಇವೆರಡು ಸಾಕು. ನಡೆದು ಬರುವ ಮನುಷ್ಯನಿಗೆ ಹೆದರುವ ಹಕ್ಕಿ, ಅರ್ಧ ಗಂಟೆ ಅಲ್ಲಾಡದೆ ಕೂತವರ ಹತ್ತಿರ ತಾನಾಗಿಯೇ ಬರುತ್ತದೆ. ದೂರ ಅರ್ಧವಾದರೆ ಚಿತ್ರದಲ್ಲಿ ಹಕ್ಕಿ ತುಂಬುವ ಜಾಗ ನಾಲ್ಕು ಪಟ್ಟು ಹೆಚ್ಚುತ್ತದೆ, ಯಾವ ಲೆನ್ಸೂ ಇಷ್ಟು ಅಗ್ಗವಾಗಿ ಇದನ್ನು ಕೊಡುವುದಿಲ್ಲ. ಕೂತಾಗ ಕ್ಯಾಮೆರಾ ಹಕ್ಕಿಯ ಕಣ್ಣಿನ ಮಟ್ಟಕ್ಕೂ ಇಳಿಯುತ್ತದೆ, ಚಿತ್ರಕ್ಕೆ ಆಪ್ತತೆ ಬರುತ್ತದೆ. ನಿಂತ ಕಾರಿನ ಕಿಟಕಿಯೂ ಒಳ್ಳೆಯ ಮರೆಯೇ. ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರಿ ಕಿಯರ್ಟನ್ ಸಹೋದರರು 1892ರಲ್ಲೇ ಹಕ್ಕಿ ಗೂಡಿನ ಫೋಟೊ ತೆಗೆದವರು. ಮುಂದೆ ಹಕ್ಕಿಗಳ ಹತ್ತಿರ ಹೋಗಲು ಟೊಳ್ಳು ಎತ್ತಿನ ಗೊಂಬೆಯೊಂದನ್ನು ಮಾಡಿಸಿ ಅದರೊಳಗೆ ಅಡಗಿ ಕೂರುತ್ತಿದ್ದರು. ನಮಗೆ ಅಷ್ಟು ಕಷ್ಟವಿಲ್ಲ.

ಕಿವಿಯ ವಿಷಯವೂ ಇದೆ. ವಯಸ್ಸಾದಂತೆ ಮೊದಲು ಕೇಳದಾಗುವುದು ತೀರಾ ಸಣ್ಣ, ಕೀಚಲು ದನಿಗಳು. ಹಲವು ಪುಟ್ಟ ಹಕ್ಕಿಗಳು ಕೂಗುವುದೇ ಆ ದನಿಯಲ್ಲಿ. ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿವಿಜ್ಞಾನ ಸಂಸ್ಥೆಯ ಮರ್ಲಿನ್ ಎಂಬ ಆ್ಯಪ್ ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಸುತ್ತಲಿನ ಕೂಗು ಕೇಳಿಸಿಕೊಂಡು ಯಾವ ಹಕ್ಕಿ ಇರಬಹುದು ಅಂತ ತೋರಿಸುತ್ತದೆ. ಒಮ್ಮೊಮ್ಮೆ ತಪ್ಪು ಹೇಳುತ್ತದೆ, ಆದ್ದರಿಂದ ಕಣ್ಣಿಗೆ ಕಂಡ ಮೇಲೇ ನಂಬಿ. ಅದರಲ್ಲಿರುವ ಹಕ್ಕಿ ಕೂಗನ್ನು ಜೋರಾಗಿ ಹಾಕಿ ಹಕ್ಕಿಯನ್ನು ಕರೆಯುವುದು ಮಾತ್ರ ಬೇಡ. ತನ್ನ ಜಾಗಕ್ಕೆ ಎದುರಾಳಿ ಬಂದ ಅಂದುಕೊಂಡು ಅದು ಮರಿಗಳಿಗೆ ಮೇವು ತರುವುದನ್ನೂ ಬಿಟ್ಟು ಜಗಳಕ್ಕೆ ಬರುತ್ತದೆ.

ಗೂಡಿನ ವಿಷಯದಲ್ಲಿ ನಾನು ತುಂಬಾ ಕಟ್ಟುನಿಟ್ಟು. ಮೀನಿನ ತಲೆ ಹೊರಗಿಟ್ಟುಕೊಂಡು ಹಾರುವ ಮಿಂಚುಳ್ಳಿ ಕಂಡರೆ ಅದರ ಹಿಂದೆ ಹೋಗಬೇಡಿ, ನೀವೇ ಹಿಂದೆ ಸರಿಯಿರಿ. ಹಕ್ಕಿ ಬಾಯಲ್ಲಿ ಮೇವಿಟ್ಟುಕೊಂಡು ಕೂಗುತ್ತಾ ಕೊಂಬೆಯಿಂದ ಕೊಂಬೆಗೆ ಹಾರುತ್ತಿದ್ದರೆ, ಗೂಡಿಗೆ ಹೋಗಲು ನೀವೇ ಅಡ್ಡ ಕೂತಿದ್ದೀರಿ ಅಂತ ಅರ್ಥ. ಎದ್ದುಬಿಡಿ. ಚೆನ್ನಾಗಿ ಕಾಣಲಿ ಅಂತ ಗೂಡಿನ ಮುಂದಿನ ಎಲೆ ಸರಿಸುವವರನ್ನು ನೋಡಿದ್ದೇನೆ. ಆ ಎಲೆಯೇ ಮರಿಗೆ ನೆರಳು, ಕಾಗೆಯ ಕಣ್ಣಿಗೆ ಪರದೆ.

ಮನೆಗೆ ಬಂದ ಮೇಲೆ ಅವತ್ತಿನ ಚಿತ್ರಗಳನ್ನು ಅವತ್ತೇ ಆರಿಸಿ. ಈಗಿನ ಕ್ಯಾಮೆರಾ ಸೆಕೆಂಡಿಗೆ ಹತ್ತಿಪ್ಪತ್ತು ಚಿತ್ರ ತೆಗೆಯುತ್ತದೆ, ಒಂದು ಬೆಳಗ್ಗೆಗೆ ಸಾವಿರ ದಾಟುವುದು ಕಷ್ಟವೇನಲ್ಲ. ಹಕ್ಕಿಯ ಕಣ್ಣು ಮಸುಕಾದದ್ದನ್ನೆಲ್ಲ ಅಳಿಸಿ, ಹತ್ತು ಇಟ್ಟುಕೊಳ್ಳಿ. ಆ ದಿನ ಕಂಡ ಹಕ್ಕಿಗಳ ಪಟ್ಟಿಯನ್ನು ಇಬರ್ಡ್ ಎಂಬ ಜಾಲತಾಣಕ್ಕೆ ಹಾಕಿ. 2002ರಲ್ಲಿ ಶುರುವಾದ ಈ ದಾಖಲೆಗೆ ಲೋಕದ ಎಲ್ಲ ಕಡೆಯಿಂದ ಹವ್ಯಾಸಿಗಳು ಪಟ್ಟಿ ಕಳಿಸುತ್ತಾರೆ, ಹಕ್ಕಿಗಳ ಸಂಖ್ಯೆ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಸಂಶೋಧಕರು ಅದರಿಂದ ನೋಡುತ್ತಾರೆ. ಒಂದೇ ಜಾಗಕ್ಕೆ ವರ್ಷವಿಡೀ ಹೋಗುವವರ ಪಟ್ಟಿಗೆ ಅಲ್ಲಿ ಬೆಲೆ ಜಾಸ್ತಿ. ಫೋಟೊದೊಳಗೆ ತಾರೀಖು, ಸಮಯ ತಾನಾಗಿಯೇ ಸೇರಿರುತ್ತದೆ, ಆದ್ದರಿಂದ ಕ್ಯಾಮೆರಾ ತಂದ ದಿನವೇ ಅದರ ಗಡಿಯಾರ ಸರಿಯಾಗಿ ಇಟ್ಟುಬಿಡಿ.