ಬಳ್ಳಾರಿ ಬಿಸಿಲಿಗೆ ವಾಚಿನ ಭೂತಗನ್ನಡಿ ಡಯಲ್ ಸುಡುತ್ತಾ?

ಪ್ರಶ್ನೆ: ಸರ್, ನನ್ನ ವಾಚಿನ ಗಾಜಿನ ಮೇಲೆ, ತಾರೀಖು ಬರುವ ಕಡೆ, ಸಣ್ಣ ಭೂತಗನ್ನಡಿ ಅಂಟಿಸಿದ್ದಾರೆ. ದಿನವೆಲ್ಲ ಬೈಕಿನಲ್ಲಿ ಓಡಾಡುವ ಕೆಲಸ ನನ್ನದು. ಬಿಸಿಲು ಅದರಿಂದ ಒಂದೇ ಕಡೆ ಬಿದ್ದು ಡಯಲ್ ಸುಡುತ್ತೆ, ಒಳಗಿನ ಆಯಿಲ್ ಒಣಗುತ್ತೆ ಅಂತ ಎಲ್ಲರೂ ಹೇಳ್ತಾರೆ. ತೆಗೆಸಿಬಿಡಲಾ? (ಕಂಪ್ಲಿಯ ಓದುಗರೊಬ್ಬರು)

ತೆಗೆಸಬೇಡಿ. ಡಯಲ್ ಸುಡುವುದಿಲ್ಲ, ಆಯಿಲ್ ಒಣಗುವುದಿಲ್ಲ.

ಮಾರ್ಚ್ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಪ್ರತಿ ಸಲ ಎರಡು ಸಾಲಿನ ಉತ್ತರ ಕೊಟ್ಟು ಸುಮ್ಮನಾಗುತ್ತಿದ್ದೆ. ಮುಂದಿನ ವರ್ಷ ಅದೇ ಮಾತು ಇನ್ನೊಬ್ಬರ ಬಾಯಲ್ಲಿ ಇರುತ್ತಿತ್ತು. ಈ ಸಲ ಪೂರ್ತಿ ಬರೆಯುತ್ತೇನೆ.

ಮೊದಲು ಆ ಗಾಜು ಅಲ್ಲಿಗೆ ಹೇಗೆ ಬಂತು ಅಂತ ನೋಡೋಣ. ರೋಲೆಕ್ಸ್ ಕಂಪನಿ 1945ರಲ್ಲಿ ಡೇಟ್‌ಜಸ್ಟ್ ಅನ್ನುವ ವಾಚು ತಂದಿತು. ಮೂರು ಗಂಟೆಯ ಜಾಗದಲ್ಲಿ ಸಣ್ಣ ಕಿಟಕಿ, ಅದರಲ್ಲಿ ತಾನಾಗಿ ಬದಲಾಗುವ ತಾರೀಖು. ಕಿಟಕಿ ಚಿಕ್ಕದು, ಅಂಕಿ ಇನ್ನೂ ಚಿಕ್ಕದು. 1953ರಲ್ಲಿ ಅದರ ಮೇಲೆ 2.5 ಪಟ್ಟು ದೊಡ್ಡದು ಮಾಡಿ ತೋರಿಸುವ ಲೆನ್ಸ್ ಕೂರಿಸಿದರು. ಗ್ರೀಕ್ ಪುರಾಣದ ಒಂಟಿಗಣ್ಣಿನ ದೈತ್ಯನ ಹೆಸರಿಟ್ಟರು, ಸೈಕ್ಲಾಪ್ಸ್. ಆಗ ಗಾಜು ಅಂದರೆ ಅಕ್ರಿಲಿಕ್ ಪ್ಲಾಸ್ಟಿಕ್. ಗಾಜು, ಲೆನ್ಸ್ ಎರಡೂ ಒಂದೇ ಅಚ್ಚಿನವು. ಮುಂದೆ ಸಫೈರ್ (ಕೃತಕ ನೀಲಮಣಿ) ಗಾಜು ಬಂದಾಗ ಲೆನ್ಸನ್ನು ಬೇರೆ ಮಾಡಿ ಅಂಟಿಸತೊಡಗಿದರು. ಈಗ ಆ ವಿನ್ಯಾಸ ಎಲ್ಲ ದರದ ವಾಚುಗಳಲ್ಲೂ ಇದೆ. ನಮ್ಮ ಬೆಂಗಳೂರು ರೋಡಿನ ಅಂಗಡಿಗಳಲ್ಲೂ ಸಿಗುತ್ತದೆ.

ಈಗ ಸುಡುವ ಮಾತು. ಜನರ ಲೆಕ್ಕ ಹೀಗಿದೆ: ಭೂತಗನ್ನಡಿ ಕಾಗದ ಸುಡುತ್ತದೆ, ವಾಚಿನ ಮೇಲಿರುವುದೂ ಭೂತಗನ್ನಡಿ, ಹಾಗಾದರೆ ವಾಚೂ ಸುಡಬೇಕು. ಕೇಳುವುದಕ್ಕೆ ಸರಿಯಾಗೇ ಇದೆ. ಆದರೆ ಗಾಜಿಗೂ ಕಾಗದಕ್ಕೂ ನಡುವಿನ ದೂರವನ್ನು ಯಾರೂ ಲೆಕ್ಕಕ್ಕೆ ಹಿಡಿದಿಲ್ಲ.

ನನ್ನ ಮಾತು ನಂಬಬೇಡಿ, ಮಾಡಿ ನೋಡಿ. ಸ್ಟೇಷನರಿ ಅಂಗಡಿಯಲ್ಲಿ ಎರಡು ಇಂಚಿನ ಭೂತಗನ್ನಡಿ ಸಿಗುತ್ತದೆ. ಮಧ್ಯಾಹ್ನ ಅಂಗಳದಲ್ಲಿ ಹಳೇ ಪೇಪರ್ ಹಾಸಿ. ಪಕ್ಕದಲ್ಲಿ ಒಂದು ಚೊಂಬು ನೀರಿರಲಿ, ಆ ಗಾಜಿನಿಂದ ಸೂರ್ಯನನ್ನು ಮಾತ್ರ ನೋಡಬೇಡಿ. ಮೊದಲು ಗಾಜನ್ನು ಪೇಪರಿನ ಮೇಲೆ ಒಂದು ಬೆರಳಿನ ಅಗಲದಷ್ಟು ಎತ್ತರದಲ್ಲಿ ಹಿಡಿಯಿರಿ. ಅಕ್ಷರ ಸ್ವಲ್ಪ ದೊಡ್ಡದಾಗಿ, ಸ್ವಚ್ಛವಾಗಿ ಕಾಣುತ್ತದೆ. ಬೆಳಕಿನ ಮಚ್ಚೆ ಹೆಚ್ಚುಕಡಿಮೆ ಗಾಜಿನಷ್ಟೇ ಅಗಲ ಇರುತ್ತದೆ. ಐದು ನಿಮಿಷ ಹಾಗೇ ಹಿಡಿದರೂ ಪೇಪರಿಗೆ ಏನೂ ಆಗದು. ಈಗ ನಿಧಾನಕ್ಕೆ ಮೇಲೆತ್ತಿ. ಮಚ್ಚೆ ಕುಗ್ಗುತ್ತಾ ಹೋಗುತ್ತದೆ. ಸುಮಾರು 15 ಸೆಂಟಿಮೀಟರಿಗೆ ಬಂದಾಗ ಸಾಸಿವೆ ಕಾಳಿನಷ್ಟು ಆಗುತ್ತದೆ. ಹೊಗೆ ಏಳುವುದು ಆಗಲೇ.

ಗಾಜು ಕಾಗದದ ಹತ್ತಿರ ಇದ್ದರೆ ಸುಡುವುದಿಲ್ಲ, ಸುಡುವ ದೂರ ಬೇರೆ. ವಾಚು ಮಾಡಿದವನು ಲೆನ್ಸನ್ನು ಸುಡುವ ದೂರಕ್ಕಿಂತ ಹತ್ತಿರ ಕೂರಿಸಿದ್ದಾನೆ. ನಿಮ್ಮ ತಾರೀಖು ಎರಡೂವರೆ ಪಟ್ಟಷ್ಟೇ ದೊಡ್ಡದಾಗಿ ಕಾಣುತ್ತಿದೆ ಅಂದರೆ ಅದು ಸುಡುವ ದೂರದಲ್ಲಿ ಇಲ್ಲ ಅಂತಲೇ ಅರ್ಥ. ಇದನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಪ್ರತಿ ಸಲವೂ ಹಿಂದಿನ ಬೆಂಚಿನಲ್ಲಿ ಒಬ್ಬನ ಮುಖ ಅರಳುತ್ತಿತ್ತು. ಆ ಮುಖ ನೋಡುವ ಸಲುವಾಗಿಯೇ ನಾನು ಬೆಳಕಿನ ಪಾಠಕ್ಕೆ ಎರಡು ಪೀರಿಯಡ್ ಜಾಸ್ತಿ ತೆಗೆದುಕೊಳ್ಳುತ್ತಿದ್ದೆ.

ಲೆಕ್ಕವೂ ನೋಡಿಬಿಡಿ. ಎರಡು ಇಂಚಿನ ಗಾಜಿನ ಮೇಲೆ ಬಿದ್ದ ಬೆಳಕು ಒಂದೂವರೆ ಮಿಲಿಮೀಟರ್ ಚುಕ್ಕಿಗೆ ಇಳಿದರೆ, ಅಲ್ಲಿ ಬಿಸಿಲು ಸಾವಿರ ಪಟ್ಟಿಗೂ ಜಾಸ್ತಿ. ವಾಚಿನ ಲೆನ್ಸ್ ಅಂಕಿಯನ್ನು ಎಷ್ಟು ಹಿಗ್ಗಿಸುತ್ತದೋ ಬೆಳಕನ್ನು ಅಷ್ಟೇ ಕುಗ್ಗಿಸುತ್ತದೆ. ಅಡ್ಡಕ್ಕೆ 2.5, ಉದ್ದಕ್ಕೆ 2.5, ಗುಣಿಸಿದರೆ 6.25. ಅದೂ ಸೂರ್ಯ ನೇರ ನೆತ್ತಿಯ ಮೇಲಿದ್ದು, ನೀವು ಕೈ ಅಲುಗಿಸದೆ ಹಿಡಿದರೆ ಮಾತ್ರ. ಬೈಕ್ ಓಡಿಸುವವನ ಕೈ ಎಲ್ಲಿ ನಿಲ್ಲುತ್ತದೆ? ಬಿಸಿಲು ಓರೆಯಾದರೆ ಆ ಮಚ್ಚೆ ತಾರೀಖಿನ ಮೇಲೆ ಬೀಳುವುದೇ ಇಲ್ಲ.

ಇನ್ನು ಒಟ್ಟು ಶಾಖ. ನಡುಹಗಲಿನ ಬಿಸಿಲು ಒಂದು ಚದರ ಮೀಟರಿಗೆ ಸುಮಾರು 1000 ವಾಟ್. ಆರು ಮಿಲಿಮೀಟರ್ ಅಗಲದ ಲೆನ್ಸ್ ಅದರಲ್ಲಿ ಹಿಡಿಯುವುದು 0.03 ವಾಟ್. ರಾತ್ರಿ ಹಚ್ಚಿಡುವ ಅರ್ಧ ವಾಟಿನ ಎಲ್‌ಇಡಿ ಬಲ್ಬ್ ಇದರ ಹದಿನಾರು ಪಟ್ಟು. ಅದೂ ಬಿಳಿ ಬಣ್ಣದ ತಾರೀಖಿನ ಚಕ್ರ ಬಹುಪಾಲು ಬೆಳಕನ್ನು ವಾಪಸ್ ಕಳಿಸುತ್ತದೆ.

ಆಯಿಲ್ ಒಣಗುವ ಮಾತೂ ಹಾಗೇ. ಆಯಿಲ್ ಇರುವುದು ಡಯಲಿನ ಕೆಳಗೆ, ಚಕ್ರಗಳ ತುದಿಯಲ್ಲಿ. ಅಲ್ಲಿಗೆ ಬೆಳಕೇ ಹೋಗುವುದಿಲ್ಲ. ಹೊರಗೆ 42 ಡಿಗ್ರಿ ಇದ್ದಾಗಲೂ ಬೆವರುವ ಮುಂಗೈಯ ಚರ್ಮ 35ರ ಆಸುಪಾಸಿನಲ್ಲಿರುತ್ತದೆ. ನಮ್ಮ ಊರಿನ ಬೇಸಿಗೆಯಲ್ಲಿ ವಾಚಿಗೆ ನಿಮ್ಮ ಕೈಯೇ ತಂಪು ಜಾಗ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಬಿಡಬೇಡಿ.

"ಹಾಗಾದ್ರೆ ನಮ್ಮ ಚಿಕ್ಕಪ್ಪನ ವಾಚಿನ ಡಯಲ್ ಕಂದುಬಣ್ಣ ಆಗಿದ್ದು ಹೇಗೆ ಸರ್?" ಅಂತ ಕೇಳುವವರಿದ್ದಾರೆ. ಡಯಲಿನ ಬಣ್ಣ ವರ್ಷಗಟ್ಟಲೆ ಬಿಸಿಲಿನಲ್ಲಿರುವ ನೇರಳಾತೀತ ಕಿರಣಕ್ಕೆ ಮಾಸುತ್ತದೆ. ಹಿಂಬದಿಯ ರಬ್ಬರ್ ವಾಷರ್ ಸವೆದು ಬೆವರು ಒಳಗೆ ಹೋದರೂ ಮಾಸುತ್ತದೆ. ಲೆನ್ಸ್ ಇಲ್ಲದ ವಾಚೂ ಹಾಗೇ ಆಗುತ್ತದೆ. ಚಿಕ್ಕಪ್ಪನ ವಾಚನ್ನೇ ಸರಿಯಾಗಿ ನೋಡಿ. ಬಣ್ಣ ಹೋಗಿರುವುದು ಡಯಲಿನ ತುಂಬಾ ಇರುತ್ತದೆ, ತಾರೀಖಿನ ಕಡೆ ಮಾತ್ರ ಅಲ್ಲ.

ಇಷ್ಟು ಉದ್ದ ಬರೆಯಲು ನನಗೆ ಕಾರಣ ಇದೆ. ನಮ್ಮ ಸೋದರಮಾವನಿಗೆ ಮಗ ಒಂದು ಒಳ್ಳೇ ವಾಚು ಕೊಡಿಸಿದ್ದ. ಇದೇ ಮಾತು ಕೇಳಿ ಮಾವ ಒಂದು ರಿಪೇರಿ ಅಂಗಡಿಗೆ ಹೋದರು. ಅಂಗಡಿಯವನು ಚಾಕುವಿನ ತುದಿ ಹಾಕಿ ಲೆನ್ಸ್ ಎಬ್ಬಿಸಿದ. ಲೆನ್ಸ್ ಬಂತು, ಜೊತೆಗೆ ಗಾಜಿನ ಚೂರೂ ಎದ್ದು ಬಂತು. ಆ ಸಂದಿಯಿಂದ ಮೊದಲ ಮಳೆಗೇ ಒಳಗೆ ಆವಿ ಕಟ್ಟಿತು. ಎಪ್ಪತ್ತು ದಾಟಿದ ಮನುಷ್ಯ, ಕನ್ನಡಕ ಇಲ್ಲದೆ ತಾರೀಖು ಓದುತ್ತಿದ್ದರು. ಈಗ ಮೊಮ್ಮಗಳನ್ನು ಕೇಳುತ್ತಾರೆ, "ಇವತ್ತು ಎಷ್ಟನೇ ತಾರೀಖಮ್ಮಾ?" ಅದು ನನಗೆ ಇವತ್ತಿಗೂ ಬೇಜಾರು.

ಇಲ್ಲಿ ನಿಮ್ಮ ವಾಚಿಗೆ ಬಿಸಿಲಿಗಿಂತ ಧೂಳಿನ ಕಾಟ ಜಾಸ್ತಿ. ಕಲ್ಲುಗಳ ಗಡಸುತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಸಂಡೂರಿನ ಅದಿರಿನ ಕೆಂಪು ಧೂಳು ಸುಮಾರು 6. ನಮ್ಮ ಗುಡ್ಡದ ಬಂಡೆಯಲ್ಲಿರುವ ಬೆಣಚುಕಲ್ಲು 7. ಸಫೈರ್ 9, ವಜ್ರ 10. ಅಂದರೆ ಸಫೈರ್ ಗಾಜಿಗೆ ಈ ಧೂಳಿನಿಂದ ಗೀರು ಬೀಳದು. ಅಕ್ರಿಲಿಕ್ 3ರ ಹತ್ತಿರ, ಅದರ ಮೇಲೆ ಧೂಳು ಕೂತಾಗ ಅಂಗಿಯ ತುದಿಯಿಂದ ಉಜ್ಜಬೇಡಿ, ಮೊದಲು ಊದಿ. ಲೆನ್ಸಿನ ಅಂಚಿನಲ್ಲಿ ಕೂರುವ ಕೊಳೆಗೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸ್ವಲ್ಪ ಒದ್ದೆ ಮಾಡಿದರೆ ಸಾಕು.

ಯಾರೂ ಕೇಳದ ಒಂದು ವಿಷಯ ಇದೆ. ಅದನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ತಾರೀಖಿನ ಚಕ್ರ ನಿಜವಾಗಿ ಹಾಳಾಗುವುದು ಅಲ್ಲಿ. ನಮ್ಮ ತಂದೆ ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ವಾಚಿನಲ್ಲಿ ತಾರೀಖೇ ಇರಲಿಲ್ಲ. ಅವರಿಗೆ ಈ ತೊಂದರೆ ಇರಲಿಲ್ಲ. ಈಗಿನ ವಾಚಿನ ಚಕ್ರದಲ್ಲಿ 31 ಅಂಕಿ ಇವೆ. ಯಾವ ತಿಂಗಳಿಗೆ ಎಷ್ಟು ದಿನ ಅಂತ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಮಾರ್ಚ್, ಮೇ, ಜುಲೈ, ಅಕ್ಟೋಬರ್, ಡಿಸೆಂಬರ್ ತಿಂಗಳ 1ರಂದು ನಾವೇ ತಿದ್ದಬೇಕು. ಮನೆಯಲ್ಲಿ ಊಟ ಮುಗಿಸಿ, ರಾತ್ರಿ ಹತ್ತಕ್ಕೋ ಹನ್ನೊಂದಕ್ಕೋ ಚಾವಿ ಎಳೆದು ತಿರುಗಿಸುತ್ತೇವೆ ಅಲ್ವಾ? ಅದೇ ಹೊತ್ತಿಗೆ ಒಳಗೆ ಒಂದು ಸಣ್ಣ ಹಲ್ಲು ತಾರೀಖಿನ ಚಕ್ರವನ್ನು ಆಗಲೇ ಹಿಡಿದಿರುತ್ತದೆ. ಹೆಚ್ಚಿನ ವಾಚುಗಳಲ್ಲಿ ರಾತ್ರಿ 9ರಿಂದ ಬೆಳಗಿನ ಜಾವ 3ರವರೆಗೆ ಹೀಗಿರುತ್ತದೆ. ಆಗ ಬಲವಂತ ಮಾಡಿದರೆ ಹಲ್ಲು ಮುರಿಯಬಹುದು.

ಹೀಗೆ ಮಾಡಿ. ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ, ತಾರೀಖು ಬದಲಾಗುವವರೆಗೆ. ಅದು ವಾಚಿನ ನಡುರಾತ್ರಿ. ಅಲ್ಲಿಂದ ಇನ್ನೂ ಮುಂದೆ, ಬೆಳಗಿನ 6ಕ್ಕೆ ತಂದು ನಿಲ್ಲಿಸಿ. ಈಗ ತಾರೀಖನ್ನು ನಿನ್ನೆಯದಕ್ಕೆ ಇಡಿ. ಮತ್ತೆ ಮುಳ್ಳು ಮುಂದಕ್ಕೆ ತಿರುಗಿಸಿದರೆ ನಡುರಾತ್ರಿಗೆ ಇವತ್ತಿನ ತಾರೀಖು ಬರುತ್ತದೆ. ಆಮೇಲೆ ಸರಿಯಾದ ಸಮಯಕ್ಕೆ ತಂದು ಚಾವಿ ಒತ್ತಿ. ಮಧ್ಯಾಹ್ನದ ನಂತರ ಮಾಡುತ್ತಿದ್ದರೆ ಮುಳ್ಳು ಹನ್ನೆರಡನ್ನು ಇನ್ನೊಂದು ಸಲ ದಾಟಲಿ. ಇಲ್ಲದಿದ್ದರೆ ಮಾರನೇ ದಿನ ಊಟದ ಹೊತ್ತಿಗೆ ತಾರೀಖು ಬದಲಾಗುತ್ತದೆ.