ಅಜ್ಜಿಯ ಮನೆ ಯಾರಿಗೆ?

ನಮ್ಮಲ್ಲಿ ನರ್ಸಿಂಗ್ ಹೋಮ್ ಅಂದ್ರೆ ಸಣ್ಣ ಆಸ್ಪತ್ರೆ. ಅಮೆರಿಕದಲ್ಲಿ ಹಾಗಲ್ಲ. ಸ್ನಾನಕ್ಕೆ, ಊಟಕ್ಕೆ, ಮಗ್ಗುಲು ಬದಲಿಸಲೂ ಇನ್ನೊಬ್ಬರ ಕೈ ಬೇಕಾದ ಹಿರಿಯರು ವರ್ಷಗಟ್ಟಲೆ ಇರುವ ಜಾಗ ಅದು. ಖರ್ಚು ವರ್ಷಕ್ಕೆ ಲಕ್ಷ ಡಾಲರ್ ದಾಟುವುದು ಮಾಮೂಲು.

1965ರ ಜುಲೈ 30ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಒಂದೇ ಸಹಿಯಲ್ಲಿ ಎರಡು ಯೋಜನೆ ತಂದರು. ಹಿರಿಯರಿಗೆ ಮೆಡಿಕೇರ್, ಬಡವರಿಗೆ ಮೆಡಿಕೇಡ್. ತಕರಾರು ಶುರುವಾಗಿದ್ದು ಅಲ್ಲೇ. ಮೆಡಿಕೇರ್ ಬೈಪಾಸ್ ಸರ್ಜರಿಗೆ ದುಡ್ಡು ಕೊಡುತ್ತದೆ. ಮರೆವಿನ ಕಾಯಿಲೆ ಬಂದವರ ದಿನನಿತ್ಯದ ಆರೈಕೆಗೆ ಕೊಡುವುದಿಲ್ಲ. ಅದಕ್ಕೆ ಕೈಯಿಂದ ಕಟ್ಟಬೇಕು, ಇಲ್ಲವೇ ಮೆಡಿಕೇಡ್ ಬಾಗಿಲು ತಟ್ಟಬೇಕು. ಬಹಳಷ್ಟು ರಾಜ್ಯಗಳಲ್ಲಿ ಅರ್ಜಿದಾರರ ಉಳಿತಾಯ 2,000 ಡಾಲರ್ ಮೀರಿದರೆ ಆ ಬಾಗಿಲು ತೆರೆಯುವುದಿಲ್ಲ.

ಹಾಗಾದರೆ ಮೊದಲೇ ಮಕ್ಕಳ ಹೆಸರಿಗೆ ಬರೆದುಬಿಟ್ಟರೆ? ಜನ ಬರೆದರು, ಸರ್ಕಾರ ಬೆನ್ನು ಹತ್ತಿತು. 1988ರಲ್ಲಿ, ಅರ್ಜಿಗೆ ಹಿಂದಿನ 30 ತಿಂಗಳಲ್ಲಿ ಯಾರಿಗೆ ಏನು ಕೊಟ್ಟಿರಿ ಅಂತ ಲೆಕ್ಕ ಕೇಳಿತು, 1993ರಲ್ಲಿ 36 ತಿಂಗಳದ್ದು. ತೀರಿಕೊಂಡವರ ಮನೆ ಮಾರಿಸಿಯಾದರೂ ಖರ್ಚು ವಸೂಲಿ ಮಾಡಿ ಅಂತ ರಾಜ್ಯಗಳಿಗೆ ಕಟ್ಟಪ್ಪಣೆಯೂ ಬಂತು. 1996ರಲ್ಲಂತೂ ಅತಿಯಾಯಿತು. ಬೇಕಂತಲೇ ಆಸ್ತಿ ದಾಟಿಸಿದರೆ ಅದು ಅಪರಾಧ! ಜನ ಅದನ್ನು 'ಅಜ್ಜಿಯನ್ನು ಜೈಲಿಗಟ್ಟೋ ಕಾನೂನು' ಅಂತ ಆಡಿಕೊಂಡರು. ಮರುವರ್ಷ ಅಜ್ಜಿಯನ್ನು ಬಿಟ್ಟು, ಫೀಸು ತಗೊಂಡು ಹೀಗೆ ಆಸ್ತಿ ದಾಟಿಸಲು ಸಲಹೆ ಕೊಡುವವರನ್ನು ಹಿಡಿಯಲು ಹೊರಟರು. ಸಂವಿಧಾನದ ಮುಂದೆ ಇದು ನಿಲ್ಲೋದಿಲ್ಲ, ಜಾರಿ ಮಾಡೋದಿಲ್ಲ ಅಂತ 1998ರಲ್ಲಿ ಅಟಾರ್ನಿ ಜನರಲ್ ಜಾನೆಟ್ ರೆನೋ ಕೈ ಎತ್ತಿದರು.

ನಿಜವಾದ ಏಟು ಬಿದ್ದಿದ್ದು 2006ರಲ್ಲಿ. ಲೆಕ್ಕ 60 ತಿಂಗಳಿಗೆ ಹೋಯಿತು. ಅದಕ್ಕಿಂತ ದೊಡ್ಡದು ಇನ್ನೊಂದು. ಅಜ್ಜಿ ಮಗಳಿಗೆ 60,000 ಡಾಲರ್ ಕೊಟ್ಟರು ಅಂದುಕೊಳ್ಳಿ. ಅಲ್ಲಿನ ನರ್ಸಿಂಗ್ ಹೋಮಿನ ತಿಂಗಳ ದರ 10,000 ಆದರೆ, 6 ತಿಂಗಳು ಮೆಡಿಕೇಡ್ ಇಲ್ಲ. ಮುಂಚೆ ಆ ಆರು ತಿಂಗಳನ್ನು ದುಡ್ಡು ಕೊಟ್ಟಾಗಿನಿಂದ ಎಣಿಸುತ್ತಿದ್ದರು. ಅಜ್ಜಿ ಮನೆಯಲ್ಲಿ ಓಡಾಡಿಕೊಂಡಿರುವಾಗಲೇ ಮುಗಿದುಹೋಗುತ್ತಿತ್ತು. ಈಗ ಅಜ್ಜಿ ನರ್ಸಿಂಗ್ ಹೋಮ್ ಸೇರಿ, ಕೈ ಖಾಲಿಯಾಗಿ, ಅರ್ಜಿ ಹಾಕಿದ ಮೇಲೆ ಎಣಿಕೆ ಶುರು. ದುಡ್ಡು ಮೊಮ್ಮಗಳ ಕಾಲೇಜಿಗೆ ಹೋಯ್ತು ಅಂದ್ರೆ, ಉದ್ದೇಶ ಅದೊಂದೇ ಅಂತ ಸಾಬೀತು ಮಾಡಬೇಕು.

ದುಡ್ಡಿರುವವರು ಬಡವರ ಪಾಲಿಗೆ ಕೈ ಹಾಕಿದರೆ ನನಗೂ ಸಿಟ್ಟು ಬರುತ್ತದೆ. ಆದರೆ ಹೃದಯದ ಕಾಯಿಲೆಯವರ ಮನೆ ಉಳಿದು, ಮರೆವಿನ ಕಾಯಿಲೆಯವರದ್ದು ಕರಗುವುದು ಯಾವ ನ್ಯಾಯ? ಕ್ಯಾಲಿಫೋರ್ನಿಯಾ 2024ರಲ್ಲಿ ಆಸ್ತಿಯ ಮಿತಿಯನ್ನೇ ತೆಗೆದುಹಾಕಿತು. ಎರಡೇ ವರ್ಷ. ಬಜೆಟ್ ಬಿಗಿಯಾಯಿತು, 2026ರ ಜನವರಿಯಿಂದ ಮಿತಿ ಮತ್ತೆ ಬಂತು: 1,30,000 ಡಾಲರ್.