ಮೊದಲು ಮಾತು, ಆಮೇಲೆ ಮೊಬೈಲ್

ಶಿಕ್ಷಕರ ತರಬೇತಿಯಲ್ಲಿ ಡಿಜಿಟಲ್ ಕಥೆಯ, ಅಂದರೆ ಮಕ್ಕಳು ತಮ್ಮ ದನಿಗೆ ಫೋಟೊ ಜೋಡಿಸಿ ಮಾಡುವ ಪುಟ್ಟ ವಿಡಿಯೊದ, ಮಾತೆತ್ತಿದರೆ ಮೊದಲು ಬರುವ ಪ್ರಶ್ನೆ, ‘ಯಾವ ಆ್ಯಪ್ ಹಾಕ್ಕೋಬೇಕು ಮೇಡಂ?’ ಮೊದಲ ಎರಡು ದಿನ ಮೊಬೈಲ್ ಬೀರುವಿನಲ್ಲೇ ಇರಲಿ ಅಂತ ಹೇಳುತ್ತೇನೆ.

ಡಿಜಿಟಲ್ ಕಥೆಯ ಪದ್ಧತಿಗೆ ರೂಪ ಬಂದಿದ್ದು 1990ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. ಡೇನಾ ಆ್ಯಚ್ಲಿ, ಜೋ ಲ್ಯಾಂಬರ್ಟ್ ಮತ್ತು ಜೊತೆಗಾರರು ಸಾಮಾನ್ಯ ಜನರಿಂದ ಅವರ ಬದುಕಿನ ಒಂದು ಘಟನೆಯನ್ನು ಅವರದೇ ದನಿಯಲ್ಲಿ, ಕೆಲವು ಫೋಟೊಗಳ ಜೊತೆ, ಎರಡು ಮೂರು ನಿಮಿಷದಲ್ಲಿ ಹೇಳಿಸುತ್ತಿದ್ದರು. 2001ರಿಂದ ಬಿಬಿಸಿ ಇದನ್ನು ವೇಲ್ಸ್‌ನ ಊರುಗಳಿಗೆ ಒಯ್ದಿತು. ಸುಮಾರು 250 ಪದ, ಹನ್ನೆರಡರಷ್ಟು ಚಿತ್ರ, ಅಷ್ಟೇ. ಎರಡು ಕಡೆಯೂ ಕೆಲಸ ಶುರುವಾಗುತ್ತಿದ್ದುದು ಎಲ್ಲರೂ ಸುತ್ತ ಕೂತು ಒಬ್ಬರ ಕಥೆ ಒಬ್ಬರು ಕೇಳುವುದರಿಂದ. ನಮ್ಮ ತರಗತಿಗಳಲ್ಲಿ ಬಿಟ್ಟುಹೋಗುವುದು ಈ ಹಂತವೇ.

ಏಳನೇ ತರಗತಿಯ ಹುಡುಗಿಯೊಬ್ಬಳು ಬೇಸಾಯದ ಬಗ್ಗೆ ಬರೆದು ತಂದಿದ್ದಳು. ಮೊದಲ ಸಾಲು, ‘ಕೃಷಿಯು ನಮ್ಮ ದೇಶದ ಬೆನ್ನೆಲುಬು.’ ಎಲ್ಲರೂ ಸುಮ್ನೆ ಕೇಳಿಸಿಕೊಂಡರು. ಪಕ್ಕದಲ್ಲಿದ್ದ ಹುಡುಗ ಕೇಳಿದ, ‘ನಿಮ್ಮಜ್ಜಿ ರೋಡಲ್ಲಿ ರಾಗಿ ಹಾಕ್ತಾರಲ್ಲ, ಅದನ್ನ ಯಾಕೆ ಬರೀಲಿಲ್ಲ?’

ಮಾರನೆ ದಿನ ಮೊದಲ ಸಾಲು ಬದಲಾಗಿತ್ತು: ‘ನಮ್ಮಜ್ಜಿಯ ಕಣ ಈಗ ಟಾರು ರೋಡು.’ ಆ ಸಾಲು ಬರೆದ ಮೇಲೆ ಅವಳಿಗೆ ಕಾರಣ ಬೇಕಾಯಿತು. ಅಜ್ಜಿಯನ್ನೇ ಕೇಳಿಕೊಂಡು ಬಂದಳು. ಎತ್ತು ಮಾರಿದರು, ಕಾಳು ಬಿಡಿಸಲು ಎತ್ತು ಎಳೆಯುತ್ತಿದ್ದ ರೋಣಗಲ್ಲು ಮೂಲೆ ಸೇರಿತು, ಸಗಣಿ ಸಾರಿಸಿ ಕಣ ಮಾಡುವ ಆಳು ಸಿಗಲಿಲ್ಲ. ಪಾಠದಲ್ಲಿ ‘ಯಾಂತ್ರೀಕರಣ’ ಎಂಬ ಪದ ಬಂದಾಗ ಅದರ ಅರ್ಥ ಅವಳಿಗೆ ಮನೆಯಲ್ಲೇ ಸಿಕ್ಕಿತ್ತು. ನಾನು ಈ ಕೆಲಸವನ್ನು ಇಷ್ಟು ನಂಬುವುದು ಇದಕ್ಕೇ. ಕಥೆ ಗಟ್ಟಿಯಾಗಬೇಕಾದರೆ ಮಗು ವಿಷಯವನ್ನು ಹುಡುಕಿಕೊಂಡು ಹೋಗಲೇಬೇಕು.

ರೆಕಾರ್ಡಿಂಗ್‌ಗೆ ಸ್ಟುಡಿಯೊ ಬೇಡ. ನಾವು ಬಿಸಿಯೂಟದ ಅಕ್ಕಿ ಇಡುವ ಕೋಣೆಗೆ ಹೋದೆವು. ಮೂಟೆಗಳು ಸದ್ದನ್ನು ಹೀರುತ್ತವೆ, ದನಿ ಮಾರ್ದನಿಸುವುದಿಲ್ಲ. ಮೊಬೈಲನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಬಾಯಿಂದ ಒಂದು ಗೇಣು ದೂರ ಹಿಡಿದರೆ ಸಾಕು. ಹುಡುಗಿ ನಾಲ್ಕು ಸಲ ಓದಿದಳು. ಪ್ರತಿ ಸಲ ತನ್ನ ದನಿ ಕೇಳಿಕೊಂಡು, ತಡವರಿಸಿದ ಕಡೆ ಉದ್ದದ ವಾಕ್ಯವನ್ನು ತಾನೇ ಮುರಿದಳು. ಕೆಂಪು ಪೆನ್ನಿನಿಂದ ನಾನು ಎಷ್ಟು ತಿದ್ದಿದ್ದರೂ ಇದು ಆಗುತ್ತಿರಲಿಲ್ಲ.

ಚಿತ್ರ ಜೋಡಿಸುವಾಗ ಒಂದು ಮಾತು ನೆನಪಿರಲಿ. ದನಿ ‘ರೋಡು’ ಅಂದಾಗ ರೋಡನ್ನೇ ತೋರಿಸಬೇಕಿಲ್ಲ. ಅವಳು ಅಲ್ಲಿ ಮೂಲೆ ಸೇರಿದ ರೋಣಗಲ್ಲನ್ನು ಹಾಕಿದಳು. ಹಿನ್ನೆಲೆಗೆ ಸಿನಿಮಾ ಹಾಡು ಬೇಡ, ಹಕ್ಕುಸ್ವಾಮ್ಯದ ತೊಡಕು ಇರುತ್ತದೆ, ಮಗುವಿನ ದನಿಯೂ ಮುಚ್ಚಿಹೋಗುತ್ತದೆ. ಅಂಕ ಕೊಡುವುದಾದರೆ ಬರಹಕ್ಕೆ, ಹುಡುಕಾಟಕ್ಕೆ ಕೊಡಿ. ಎಫೆಕ್ಟ್‌ಗಳಿಗೆ ಬೇಡ. ಒಳ್ಳೆ ಫೋನ್ ಇರುವ ಮನೆಯ ಮಗುವಿಗೇ ಜಾಸ್ತಿ ಅಂಕ ಹೋಗಬಾರದು, ಅಲ್ವಾ?

ವಾಟ್ಸ್ಯಾಪ್ ಗುಂಪಿಗೆ ಹಾಕುವ ಮುಂಚೆ ಮನೆಯವರ ಒಪ್ಪಿಗೆ ಕೇಳುವುದನ್ನು ಮಾತ್ರ ಯಾರೂ ಮರೆಯಬೇಡಿ. ಈ ಕಥೆಯನ್ನು ಮೊದಲು ಅಜ್ಜಿಗೇ ತೋರಿಸಲು ಹೇಳಿದ್ದೆ. ಪೂರ್ತಿ ನೋಡಿದ ಅಜ್ಜಿ, ತಾನು ರೋಡಿನ ಪಕ್ಕ ಸುಸ್ತಾಗಿ ಕೂತಿದ್ದ ಒಂದು ಫೋಟೊ ಬೇಡ ಅಂದರಂತೆ. ಹುಡುಗಿ ಅದನ್ನು ತೆಗೆದು, ಅಜ್ಜಿ ಮೊರ ಹಿಡಿದು ರಾಗಿ ತೂರುತ್ತಿದ್ದ ಫೋಟೊ ಹಾಕಿಕೊಂಡು ಬಂದಳು.